ಹಳೆಯ ಕಟ್ಟಡಗಳ ಸಂರಕ್ಷಣಾ ವಾಸ್ತುಶಿಲ್ಪಿಯಾಗುವುದು ಹೇಗೆ: ದಾವಣಗೆರೆ, ಚಿತ್ರದುರ್ಗದ ವಿದ್ಯಾರ್ಥಿಗಳಿಗೊಂದು ಕೈಪಿಡಿ

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ವಿದ್ಯಾರ್ಥಿಗಳಿಗೆ ಪಿಯುಸಿ ಮುಗಿಯುವ ಹೊತ್ತಿಗೆ ಎಂಜಿನಿಯರಿಂಗ್ ಮತ್ತು ವೈದ್ಯಕೀಯದ ಬಗ್ಗೆ ಹೇಳುವವರು ಮನೆಮನೆಯಲ್ಲೂ ಇರುತ್ತಾರೆ. ಕಲ್ಲಿನ ಕೋಟೆಯ ಬುರುಜು, ಹರಿಹರದ ಹರಿಹರೇಶ್ವರ ದೇವಾಲಯ, ಸಂತೇಬೆನ್ನೂರಿನ ಪುಷ್ಕರಣಿ, ಊರೂರಿನ ಮಾಳಿಗೆ ಮನೆಗಳು ಇವನ್ನೆಲ್ಲ ಮುಂದಿನವರಿಗೆ ಉಳಿಸಿಕೊಡುವುದೇ ಒಂದು ವೃತ್ತಿ ಎಂಬುದನ್ನೂ, ಅದಕ್ಕೆಂದೇ ಓದು, ನೋಂದಣಿ, ಕಾನೂನು ಇವೆ ಎಂಬುದನ್ನೂ ಹೇಳುವವರು ಕಡಿಮೆ. ಆ ದಾರಿಯನ್ನು ಹಿಡಿಯಬಯಸುವವರಿಗೆ ಏನು ಓದಬೇಕು, ಯಾವುದನ್ನು ಕೈಯಾರೆ ಕಲಿಯಬೇಕು, ಕೆಲಸ ಎಲ್ಲಿ ಸಿಗುತ್ತದೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಸಂರಕ್ಷಣಾ ವಾಸ್ತುಶಿಲ್ಪಿಯ ದಿನದ ಬಹುಪಾಲು ಕಟ್ಟಡವನ್ನು ಅಳೆಯುವುದರಲ್ಲಿ, ಅದಕ್ಕೆ ಬಂದಿರುವ ರೋಗದ ಮೂಲವನ್ನು ಹುಡುಕುವುದರಲ್ಲಿ ಕಳೆಯುತ್ತದೆ. ಯಾವ ಭಾಗವನ್ನು ಮುಟ್ಟಬೇಕು ಎಂಬುದಕ್ಕಿಂತ ಯಾವ ಭಾಗವನ್ನು ಮುಟ್ಟದೆ ಬಿಡಬೇಕು ಎಂದು ತೀರ್ಮಾನಿಸುವುದೇ ಅವರ ಹೆಚ್ಚಿನ ಹೊಣೆ. ಹೊಸ ವಿನ್ಯಾಸ ಮಾಡಿ ತಮ್ಮ ಹೆಸರನ್ನು ಎದ್ದು ಕಾಣಿಸಬೇಕೆಂಬ ಆಸೆ ಬಲವಾಗಿರುವವರಿಗೆ ಈ ಕೆಲಸ ಹಿಡಿಸದು. ಇದನ್ನು ಮೊದಲೇ ಯೋಚಿಸಿಕೊಳ್ಳುವುದು ಒಳ್ಳೆಯದು.

ಓದಿನ ದಾರಿ

ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದಿರಬೇಕು. ಐದು ವರ್ಷದ ವಾಸ್ತುಶಿಲ್ಪ ಪದವಿಯಾದ ಬಿ.ಆರ್ಕ್.ಗೆ ಸೇರಲು ನಾಟಾ ಎಂಬ ಅಭಿರುಚಿ ಪರೀಕ್ಷೆಯನ್ನೋ ಜೆಇಇ ಮೇನ್‌ನ ವಾಸ್ತುಶಿಲ್ಪ ಪತ್ರಿಕೆಯನ್ನೋ ಬರೆಯಬೇಕಾಗುತ್ತದೆ. ನಮ್ಮ ರಾಜ್ಯದ ಕಾಲೇಜುಗಳ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಹಂಚುತ್ತದೆ. ಅರ್ಹತೆಯ ಅಂಕಗಳು ಆಗಾಗ ಬದಲಾಗುವುದರಿಂದ ಆ ವರ್ಷದ ಅಧಿಸೂಚನೆಯನ್ನು ನೋಡಿಯೇ ಅರ್ಜಿ ಹಾಕಬೇಕು. ಪದವಿಯ ನಂತರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಳ್ಳಬೇಕು. 1972ರ ವಾಸ್ತುಶಿಲ್ಪಿಗಳ ಅಧಿನಿಯಮದ ಪ್ರಕಾರ ನೋಂದಣಿ ಇಲ್ಲದವರು ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವಂತಿಲ್ಲ.

ಸಂರಕ್ಷಣೆಯಲ್ಲಿ ಎರಡು ವರ್ಷದ ಸ್ನಾತಕೋತ್ತರ ಪದವಿಯನ್ನು (ಎಂ.ಆರ್ಕ್.) ದೆಹಲಿ, ಭೋಪಾಲ್ ಮತ್ತು ವಿಜಯವಾಡದ ಸ್ಕೂಲ್ ಆಫ್ ಪ್ಲಾನಿಂಗ್ ಅಂಡ್ ಆರ್ಕಿಟೆಕ್ಚರ್‌ಗಳೂ ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯವೂ ನೀಡುತ್ತವೆ. ಮೊದಲ ಮೂರಕ್ಕೆ ಗೇಟ್ ಪರೀಕ್ಷೆಯ ವಾಸ್ತುಶಿಲ್ಪ ಪತ್ರಿಕೆಯ ಅಂಕ ಉಪಯೋಗಕ್ಕೆ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಬಿ.ಆರ್ಕ್. ಮುಗಿದೊಡನೆ ಎಂ.ಆರ್ಕ್.ಗೆ ಓಡುವುದಕ್ಕಿಂತ ಒಂದೆರಡು ವರ್ಷ ಸಂರಕ್ಷಣಾ ಕಾಮಗಾರಿಯ ಜಾಗದಲ್ಲಿ ನಿಂತು ದುಡಿದು ಹೋಗುವುದು ಲೇಸು. ಗಾರೆಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ತರಗತಿಯ ಪಾಠ ಬೇರೆಯದೇ ರೀತಿಯಲ್ಲಿ ಅರ್ಥವಾಗುತ್ತದೆ. ಪದವಿಯ ಕೊನೆಯ ಹಂತದ ಕಡ್ಡಾಯ ವೃತ್ತಿ ತರಬೇತಿಯನ್ನಾದರೂ ಇಂಥ ಕಚೇರಿಯಲ್ಲಿಯೇ ಮಾಡಿ.

ಸಿವಿಲ್ ಎಂಜಿನಿಯರಿಂಗ್ ಅಥವಾ ಡಿಪ್ಲೊಮಾ ಮಾಡಿದವರಿಗೂ ಈ ಕ್ಷೇತ್ರದಲ್ಲಿ ಜಾಗವಿದೆ. ಭಾರತೀಯ ಪುರಾತತ್ವ ಸರ್ವೇಕ್ಷಣದಲ್ಲಿ ಸಂರಕ್ಷಣಾ ಸಹಾಯಕ ಎಂಬ ಹುದ್ದೆಯಿದೆ. ಹಳೆಯ ರಚನೆಗಳ ಬಲಾಬಲದ ಅಧ್ಯಯನಕ್ಕೆ ಮದ್ರಾಸ್ ಐಐಟಿಯಲ್ಲಿ ಪ್ರತ್ಯೇಕ ರಾಷ್ಟ್ರೀಯ ಕೇಂದ್ರವೇ ಇದೆ.

ಅಳತೆಯೇ ಮೊದಲ ಪಾಠ

ಪದವಿ ಮುಗಿಯುವವರೆಗೆ ಕಾಯದೆ ಇಂದೇ ಆರಂಭಿಸಬಹುದಾದ ಕೆಲಸವೆಂದರೆ ಅಳತೆಯ ನಕ್ಷೆ ಬರೆಯುವುದು. ಸಂರಕ್ಷಿತ ಸ್ಮಾರಕಗಳಲ್ಲಿ ವಿಧಿವತ್ತಾದ ಸರ್ವೆ ಮಾಡಲು ಇಲಾಖೆಯ ಅನುಮತಿ ಬೇಕಾಗುವುದರಿಂದ, ನಿಮ್ಮ ಊರಿನ ಒಂದು ಪುಟ್ಟ ಮಂಟಪವನ್ನೋ ಊರಬಾಗಿಲನ್ನೋ ಸ್ವಂತ ಮನೆಯನ್ನೋ ಆರಿಸಿಕೊಳ್ಳಿ. ಮೊದಲು ಟೇಪನ್ನು ಕೈಗೆತ್ತಿಕೊಳ್ಳದೆ ಇಡೀ ಕಟ್ಟಡವನ್ನು ಕಣ್ಣಳತೆಯಲ್ಲಿ ಬಿಡಿಸಿ. ಕಂಬಕ್ಕೂ ಅದರ ತಲೆಯ ಬೋದಿಗೆಗೂ ತೊಲೆಗೂ ಇರುವ ಪ್ರಮಾಣ ಆಗ ಮನಸ್ಸಿನಲ್ಲಿ ಕೂರುತ್ತದೆ. ಅಳೆಯುವಾಗ ಟೇಪಿನ ಸೊನ್ನೆಯನ್ನು ಗೋಡೆಯ ಒಂದು ತುದಿಯಲ್ಲಿ ಕದಲದಂತೆ ಇಟ್ಟು, ಬಾಗಿಲು, ಕಂಬ, ಗೂಡು ಎಲ್ಲವುಗಳ ಅಂಕಿಯನ್ನೂ ಒಂದೇ ಎಳೆತದಲ್ಲಿ ಓದಿ ಬರೆದುಕೊಳ್ಳಬೇಕು. ತುಂಡು ತುಂಡಾಗಿ ಅಳೆದು ಕೂಡಿಸುತ್ತ ಹೋದರೆ ಪ್ರತಿ ತುಂಡಿನಲ್ಲಿ ಅರ್ಧ ಸೆಂಟಿಮೀಟರ್ ತಪ್ಪಿದರೂ ಹತ್ತು ತುಂಡು ದಾಟುವಷ್ಟರಲ್ಲಿ ಐದು ಸೆಂಟಿಮೀಟರ್‌ನಷ್ಟು ವ್ಯತ್ಯಾಸ ಬರಬಹುದು.

ಪ್ರತಿ ಕೋಣೆಯ ಎರಡು ಕರ್ಣಗಳನ್ನೂ ಅಳೆಯಲೇಬೇಕು. ಹಳೆಯ ಕೋಣೆಗಳು ನೋಡಲು ಚೌಕವಾಗಿದ್ದರೂ ಮೂಲೆಮಟ್ಟಕ್ಕೆ ಕೂಡುವುದು ವಿರಳ, ಮತ್ತು ಆ ಓರೆಕೋರೆಯೇ ಎಷ್ಟೋ ಸಲ ಯಾವ ಗೋಡೆ ಆಮೇಲೆ ಸೇರಿದ್ದು ಎಂಬುದನ್ನು ಹೇಳಿಕೊಡುತ್ತದೆ. ನೆಲ ಸಮವಿಲ್ಲದಿದ್ದಲ್ಲಿ ಮೇಸ್ತ್ರಿಗಳು ಬಳಸುವ ನೀರು ತುಂಬಿದ ಲೆವೆಲ್ ಪೈಪಿನಿಂದ ಸುತ್ತಲೂ ಒಂದೇ ಮಟ್ಟದ ಗೆರೆ ಹಾಕಿಕೊಂಡು ಅದರಿಂದ ಮೇಲಕ್ಕೂ ಕೆಳಕ್ಕೂ ಅಳೆಯಿರಿ. ಗೋಡೆ ವಾಲಿದೆಯೋ ಎಂದು ನೋಡಲು ತೂಗುಗುಂಡು ಸಾಕು. ಇಡೀ ನಕ್ಷೆಗೆ 1:50, ಬಾಗಿಲು ಕಂಬಗಳಂಥ ಬಿಡಿ ಭಾಗಗಳಿಗೆ 1:10 ಪ್ರಮಾಣ ಸಾಮಾನ್ಯವಾಗಿ ಹೊಂದುತ್ತದೆ. ಇಂದು ಲೇಸರ್ ಸ್ಕ್ಯಾನರ್, ಡ್ರೋನ್, ಛಾಯಾಚಿತ್ರಗಳಿಂದ ಮೂರು ಆಯಾಮದ ಮಾದರಿ ಕಟ್ಟುವ ತಂತ್ರಾಂಶ ಎಲ್ಲವೂ ಇವೆ, ಅವನ್ನೂ ಕಲಿಯಬೇಕು. ಆದರೆ ಕೈಯಲ್ಲಿ ಅಳೆಯುವಾಗ ಗೋಡೆಯ ಪಕ್ಕದಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ, ಬಿರುಕು ಎಲ್ಲಿ ಹುಟ್ಟಿ ಎಲ್ಲಿ ಮುಗಿಯಿತೆಂಬುದು ಕಣ್ಣಿಗೆ ಬೀಳುವುದು ಆಗಲೇ.

ನಕ್ಷೆಯ ಮೇಲೆ ಎರಡನೆಯ ಪದರವಾಗಿ ಕಟ್ಟಡದ ಈಗಿನ ಸ್ಥಿತಿಯನ್ನು ಗುರುತಿಸಬೇಕು. ಬಿರುಕು, ತೇವ, ಉಪ್ಪು, ಉದುರಿದ ಗಿಲಾವು, ಬೇರೂರಿದ ಅರಳಿ ಸಸಿ, ಆಮೇಲೆ ಮೆತ್ತಿದ ಸಿಮೆಂಟು, ಇವುಗಳಿಗೆ ಬೇರೆ ಬೇರೆ ಗುರುತು ಹಾಕಿ. ಬಿರುಕಿನ ಮೇಲೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿ ಅಂಟಿಸಿ ದಿನಾಂಕ ಬರೆದಿಡುವ ಹಳೆಯ ವಿಧಾನ ಇಂದಿಗೂ ಕೆಲಸಕ್ಕೆ ಬರುತ್ತದೆ. ಗಾಜು ಒಡೆದರೆ ಬಿರುಕು ಇನ್ನೂ ಬೆಳೆಯುತ್ತಿದೆ ಎಂದು ತಿಳಿಯಬೇಕು. ಒಂದು ಮಳೆಗಾಲ, ಒಂದು ಬೇಸಿಗೆ ದಾಟಿಯೂ ಒಡೆಯದಿದ್ದರೆ ಅದು ಬಹುಶಃ ಎಂದೋ ಬಿಟ್ಟು ನಿಂತುಹೋದ ಬಿರುಕು.

ಕಟ್ಟಡದ ಚರಿತ್ರೆಯನ್ನು ಹುಡುಕುವುದೂ ಇದರ ಜೊತೆಗೇ ನಡೆಯಬೇಕು. ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಎರಡನೇ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದನೆಂಬುದು ಶಾಸನದಿಂದಲೇ ತಿಳಿದದ್ದು. ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೊಂದನೆಯ ಸಂಪುಟ ಹಳೆಯ ಚಿತ್ರದುರ್ಗ ಜಿಲ್ಲೆಯ ಶಾಸನಗಳಿಗೆ ಮೀಸಲಾದದ್ದು. ದಾವಣಗೆರೆ 1997ರಲ್ಲಿ ಪ್ರತ್ಯೇಕ ಜಿಲ್ಲೆಯಾದದ್ದರಿಂದ, ಅದರಲ್ಲಿ ಮೊದಲು ಚಿತ್ರದುರ್ಗಕ್ಕೆ ಸೇರಿದ್ದ ತಾಲ್ಲೂಕುಗಳ ಶಾಸನಗಳನ್ನೂ ಆ ಸಂಪುಟದಲ್ಲೇ ಹುಡುಕಬೇಕು; ಶಿವಮೊಗ್ಗದಿಂದ ಬಂದ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳವು ಏಳನೆಯ ಸಂಪುಟದಲ್ಲಿವೆ. ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷಿನ ಬಗ್ಗೆ ಅಳುಕುವುದನ್ನು ಕಂಡಿದ್ದೇನೆ. ಶಾಸನದ ಕನ್ನಡವನ್ನು ಓದಬಲ್ಲವರು, ಮೇಸ್ತ್ರಿಯೊಡನೆ ಅವರ ಮಾತಿನಲ್ಲೇ ಮಾತನಾಡಬಲ್ಲವರು ಈ ವೃತ್ತಿಗೆ ಎಷ್ಟು ಬೇಕಾಗಿದ್ದಾರೆ ಎಂಬುದನ್ನು ಅವರು ತಿಳಿಯಬೇಕು.

ಕಲ್ಲು, ಮಣ್ಣು, ಸುಣ್ಣ

ನಮ್ಮ ಭಾಗದಲ್ಲಿ ಈ ಮೂರೂ ಕಣ್ಣೆದುರಿಗೇ ಇವೆ. ಚಿತ್ರದುರ್ಗದ ಕೋಟೆಯ ಗೋಡೆಗಳಲ್ಲಿ ಭಾರಿ ಕಣಶಿಲೆಯ (ಗ್ರಾನೈಟ್) ಚಪ್ಪಡಿಗಳನ್ನು ಗಾರೆಯಿಲ್ಲದೆ ಒಂದರ ಅಂಚಿಗೆ ಒಂದು ಕೂರುವಂತೆ ಜೋಡಿಸಿದ್ದಾರೆ. ಕಲ್ಲು ಸೀಳಲು ಸಾಲಾಗಿ ಕೊರೆದ ಕುಳಿಗಳು ಬಂಡೆಗಳ ಮೇಲೆ ಇಂದಿಗೂ ಇವೆ. ಇಂಥ ಗೋಡೆಯ ಹಿಂದೆ ಮಣ್ಣು ಮತ್ತು ಸಣ್ಣ ಕಲ್ಲಿನ ತುಂಬು ಇರುತ್ತದೆ. ಮೇಲಿನಿಂದ ಇಳಿದ ಮಳೆನೀರು ಸಂದುಗಳ ಮೂಲಕ ಹೊರಗೆ ಹೋಗುವವರೆಗೆ ಗೋಡೆ ಸುರಕ್ಷಿತ. ನೀರು ಒಳಗೇ ನಿಂತರೆ ತುಂಬಿನ ಮಣ್ಣು ನೆನೆದು ಉಬ್ಬಿ, ಗೋಡೆ ಹೊಟ್ಟೆ ಬಿಡುತ್ತದೆ. ಹೊಟ್ಟೆ ಬಿಟ್ಟ ಗೋಡೆಯನ್ನು ಕಂಡೊಡನೆ ಸಂದುಗಳಿಗೆ ಸಿಮೆಂಟು ತುಂಬುವುದು ಎಲ್ಲೆಡೆ ನಡೆಯುವ ತಪ್ಪು. ನೀರಿಗಿದ್ದ ದಾರಿಯನ್ನು ಮುಚ್ಚಿದಂತಾಗಿ ಮುಂದಿನ ಮಳೆಗಾಲದಲ್ಲಿ ಹೊಟ್ಟೆ ಇನ್ನಷ್ಟು ಮುಂದೆ ಬರುತ್ತದೆ. ಮೊದಲು ಗೋಡೆಯ ತಲೆಯ ಮೇಲೆ ಹತ್ತಿ ನೀರು ಎಲ್ಲಿ ನಿಲ್ಲುತ್ತಿದೆ, ಹಳೆಯ ತೂಬು ಎಲ್ಲಿ ಕಟ್ಟಿಕೊಂಡಿದೆ, ಯಾವ ಮರದ ಬೇರು ಒಳಗಿಳಿದಿದೆ ಎಂದು ನೋಡಬೇಕು. ಬಿಚ್ಚುವುದು ಅನಿವಾರ್ಯವಾದರೆ ಪ್ರತಿ ಕಲ್ಲಿಗೂ ಸಂಖ್ಯೆ ಬರೆದು, ಚಿತ್ರ ತೆಗೆದು, ಅದೇ ಕಲ್ಲನ್ನು ಅದೇ ಜಾಗಕ್ಕೆ ಮರಳಿ ಕೂರಿಸಬೇಕು. ನೀರನ್ನು ಎಲ್ಲಿಗೆ ಕಳಿಸಬೇಕೆಂಬುದನ್ನು ಕೋಟೆ ಕಟ್ಟಿದವರು ಎಷ್ಟು ಆಳವಾಗಿ ಯೋಚಿಸಿದ್ದರೆಂಬುದಕ್ಕೆ, ಮೇಲಿನ ಹೊಂಡ ತುಂಬಿ ಹರಿದ ನೀರು ಕೆಳಗಿನ ಹೊಂಡಕ್ಕೆ ಇಳಿಯುವ ಅಲ್ಲಿನ ಏರ್ಪಾಡೇ ಸಾಕ್ಷಿ. ಒಂದು ಮಳೆಯ ದಿನ ಅಲ್ಲಿ ನಿಂತು ನೀರಿನ ಜಾಡು ಹಿಡಿದು ನಡೆದು ನೋಡಿ.

ಮಣ್ಣಿನ ಗೋಡೆಯ ಪಾಠವನ್ನು ಯಾವುದೇ ಹಳ್ಳಿಯ ಮಾಳಿಗೆ ಮನೆಯಲ್ಲಿ ಕಲಿಯಬಹುದು. ಗೋಡೆಯ ಬುಡ ತೇವವಾಗುತ್ತದೆಂದು ಸೊಂಟದೆತ್ತರದವರೆಗೆ ಸಿಮೆಂಟ್ ಗಿಲಾವು ಮಾಡಿಸಿರುತ್ತಾರೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿದರೆ ಟೊಳ್ಳು ಸದ್ದು ಕೇಳುತ್ತದೆ. ಅಂಗೈಯಷ್ಟು ಚಕ್ಕೆ ಎಬ್ಬಿಸಿದರೆ ಹಿಂದಿನ ಮಣ್ಣು ಬೇಸಿಗೆಯಲ್ಲೂ ಬೆರಳಿಗೆ ಅಂಟುವಷ್ಟು ಹಸಿಯಾಗಿರುತ್ತದೆ. ಗಿಲಾವಿನ ಮೇಲಂಚಿನ ಉದ್ದಕ್ಕೂ ಬಿಳಿಯ ಉಪ್ಪಿನ ಗೆರೆ, ಅದರ ಮೇಲೆ ಉದುರುತ್ತಿರುವ ಹಳೆಯ ಸುಣ್ಣ. ನೆಲದಿಂದ ಏರಿದ ತೇವಕ್ಕೆ ಸಿಮೆಂಟಿನ ಮೂಲಕ ಆರಿಹೋಗಲು ದಾರಿ ಸಿಗದೆ, ಅದು ಸಿಮೆಂಟಿನ ಎತ್ತರವನ್ನೂ ದಾಟಿ ಮೇಲೆ ಹೋಗಿ ಅಲ್ಲಿ ಆವಿಯಾಗುತ್ತದೆ; ಜೊತೆಗೆ ತಂದ ಉಪ್ಪನ್ನು ಅಲ್ಲೇ ಬಿಡುತ್ತದೆ. ಉಪ್ಪು ಹರಳುಗಟ್ಟುವಾಗ ಗೋಡೆಯ ಮೈಯನ್ನು ಒಳಗಿನಿಂದ ಒಡೆಯುತ್ತದೆ. ಪರಿಹಾರ ಸರಳ, ಆದರೆ ತಾಳ್ಮೆ ಬೇಡುತ್ತದೆ: ಸಿಮೆಂಟನ್ನು ಜಾಗರೂಕತೆಯಿಂದ ತೆಗೆದು, ಮನೆಯ ಹೊರಗೆ ಏರಿರುವ ನೆಲವನ್ನು ತಗ್ಗಿಸಿ, ಬಚ್ಚಲ ಮತ್ತು ಮಾಳಿಗೆಯ ನೀರು ಬುಡದಿಂದ ದೂರ ಹೋಗುವಂತೆ ಮಾಡಿ, ಗೋಡೆಯನ್ನು ಒಂದು ಬೇಸಿಗೆ ಒಣಗಲು ಬಿಟ್ಟು, ಆಮೇಲೆ ಮಣ್ಣು ಅಥವಾ ಸುಣ್ಣದ ಗಿಲಾವು ಮಾಡಬೇಕು. ಅದರ ಮೇಲೆ ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ಮಾಡಿದ್ದೆಲ್ಲ ವ್ಯರ್ಥ.

ಸುಣ್ಣವನ್ನು ಅರಿಯದೆ ಈ ವೃತ್ತಿಯಲ್ಲಿ ಮುಂದೆ ಹೋಗಲಾಗದು. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಹೊರಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಕುದಿದು ಅರಳುತ್ತದೆ. ಗೋಡೆಗೆ ಮೆತ್ತಿದ ಮೇಲೆ ಗಾಳಿಯಿಂದ ಅದೇ ಅನಿಲವನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಈ ನಿಧಾನವೇ ಅದರ ಗುಣ. ಗೋಡೆ ಅಲ್ಪಸ್ವಲ್ಪ ಅಲುಗಿದರೂ ಸುಣ್ಣದ ಗಾರೆ ತಾಳಿಕೊಳ್ಳುತ್ತದೆ, ತೇವವನ್ನು ಹೊರಗೆ ಬಿಡುತ್ತದೆ. ಅರಳಿಸಿದ ಸುಣ್ಣವನ್ನು ಸೋಸಿ, ನೀರಿನ ಅಡಿಯಲ್ಲಿ ವಾರಗಟ್ಟಲೆ, ಸಾಧ್ಯವಾದರೆ ತಿಂಗಳುಗಟ್ಟಲೆ ಮಾಗಲು ಬಿಡಬೇಕು. ನೀರಿನ ಸಂಪರ್ಕವಿರುವ ಕಡೆ ಇಟ್ಟಿಗೆ ಪುಡಿಯ ಸುರ್ಕಿ ಬೆರೆಸುತ್ತಾರೆ. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರದ ಕಲ್ಲಿನ ಕಟ್ಟೆ ಗಾರೆಯ ಕಾಲದ ಕೆಲಸ ಎಂಬುದನ್ನು ಸಿಮೆಂಟಿಲ್ಲದೆ ಏನೂ ನಿಲ್ಲದು ಎನ್ನುವವರಿಗೆ ತೋರಿಸಬಹುದು. ಬೆಲ್ಲದ ನೀರು, ನೆನೆಸಿದ ಅಳಲೆಕಾಯಿಯ ನೀರು ಬೆರೆಸುವ ಪದ್ಧತಿಯೂ ನಮ್ಮಲ್ಲಿದೆ. ಇದಕ್ಕೆ ಎಲ್ಲ ಕಡೆಗೂ ಸಲ್ಲುವ ಒಂದೇ ಅಳತೆ ಇಲ್ಲ. ಗೋಡೆಯ ಮರೆಯ ಜಾಗದಲ್ಲಿ ಮೂರು ನಾಲ್ಕು ಮಿಶ್ರಣದ ತುಣುಕುಗಳನ್ನು ಮೆತ್ತಿ, ಕೆಲವು ವಾರ ಕಾದು, ಬಿರುಕು ಬಿಡದ್ದನ್ನು ಆರಿಸಬೇಕು. ಮೂಲ ಗಾರೆಯಲ್ಲಿ ಏನಿತ್ತೆಂದು ತಿಳಿಯಲು ಅದರ ಚೂರನ್ನು ದುರ್ಬಲ ಆಮ್ಲದಲ್ಲಿ ಹಾಕಿದರೆ ಸುಣ್ಣ ಕರಗಿ ಮರಳು, ಸುರ್ಕಿ ಉಳಿಯುತ್ತವೆ. ತೂಗಿ ನೋಡಿದರೆ ಹೆಚ್ಚುಕಡಿಮೆ ಪ್ರಮಾಣ ಗೊತ್ತಾಗುತ್ತದೆ. ಸುಟ್ಟ ಸುಣ್ಣ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯವಾದ್ದರಿಂದ ಕನ್ನಡಕ, ಕೈಗವಸು ಇಲ್ಲದೆ ಯಾರನ್ನೂ ಆ ಗುಂಡಿಯ ಬಳಿ ಬಿಡಬೇಡಿ.

ಇದನ್ನೆಲ್ಲ ಕಲಿಸುವವರು ಊರಿನ ಹಿರಿಯ ಗಾರೆ ಮೇಸ್ತ್ರಿಗಳು, ಕಲ್ಲುಕುಟಿಗರು, ಬಡಗಿಗಳು. ಅವರಲ್ಲಿ ಅನೇಕರು ಇಂದು ಬೇರೆ ಕೆಲಸಕ್ಕೆ ಹೋಗಿದ್ದಾರೆ. ಅವರನ್ನು ಹುಡುಕಿ, ದಿನಗೂಲಿ ಕೊಟ್ಟು, ಪಕ್ಕದಲ್ಲಿ ಕುಳಿತು ಕಲಿಯುವುದು ಯಾವ ಪದವಿಗೂ ಕಡಿಮೆಯಾದ ಕಲಿಕೆಯಲ್ಲ ಎಂದು ನಾನು ದೃಢವಾಗಿ ನಂಬಿದ್ದೇನೆ.

ತಿಳಿದಿರಲೇಬೇಕಾದ ಕಾನೂನು

ಚಿತ್ರದುರ್ಗದ ಕೋಟೆ, ಹರಿಹರದ ದೇವಾಲಯ, ಸಂತೇಬೆನ್ನೂರಿನ ಪುಷ್ಕರಣಿ ಮತ್ತು ಮುಸಾಫಿರ್ ಖಾನೆ ಇವು ಕೇಂದ್ರದ ರಕ್ಷಣೆಯಲ್ಲಿವೆ. ಇವುಗಳಿಗೆ 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮ ಅನ್ವಯಿಸುತ್ತದೆ. 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಎಲ್ಲೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ, ಆದರೆ 1992ರ ಜೂನ್ 16ಕ್ಕೆ ಮೊದಲೇ ಇದ್ದ ಮನೆಯ ದುರಸ್ತಿಗೆ ಅರ್ಜಿ ಹಾಕಬಹುದು. ಕೋಟೆಯ ಕೆಳಗಿನ ಬೀದಿಗಳಲ್ಲಿ ಮನೆ ಇರುವವರಿಗೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ. ದುರಸ್ತಿಯೇ ಆಗದೆಂದು ಹೆದರಿ ಮನೆಯನ್ನು ಬೀಳಲು ಬಿಡುವವರೂ ಇದ್ದಾರೆ. ಸರಿಯಾದ ನಕ್ಷೆ, ಚಿತ್ರಗಳೊಂದಿಗೆ ಅವರ ಅರ್ಜಿ ಸಿದ್ಧಪಡಿಸಿಕೊಡುವುದು ಹೊಸಬರಿಗೆ ಒಳ್ಳೆಯ ಆರಂಭ. ರಾಜ್ಯದ ಸ್ಮಾರಕಗಳಿಗೆ 1961ರ ಕರ್ನಾಟಕದ ಕಾಯ್ದೆಯಿದೆ. ವೃತ್ತಿನೀತಿಗಾಗಿ ಸ್ಮಾರಕ ಸಂರಕ್ಷಣೆಯ ಅಂತರರಾಷ್ಟ್ರೀಯ ತತ್ವಗಳಾದ 1964ರ ವೆನಿಸ್ ಸನ್ನದನ್ನೂ ಪರಂಪರೆಯ ರಕ್ಷಣೆಗಾಗಿ ದುಡಿಯುವ ಇಂಟ್ಯಾಕ್ ಸಂಸ್ಥೆಯ 2004ರ ಸನ್ನದನ್ನೂ ಜೊತೆಯಾಗಿ ಓದಿ. ಎರಡನೆಯದು ನಮ್ಮ ನೆಲದ ಜೀವಂತ ಕುಶಲಕರ್ಮಿ ಪರಂಪರೆಗೆ ಕೊಡುವ ಸ್ಥಾನ ಗಮನಾರ್ಹ.

ಕೆಲಸ, ಸಂಭಾವನೆ, ಜನರೊಡನೆ ವ್ಯವಹಾರ

ಕೇಂದ್ರ ಮತ್ತು ರಾಜ್ಯದ ಪುರಾತತ್ವ ಇಲಾಖೆಗಳು, ಇಂಟ್ಯಾಕ್, ಖಾಸಗಿ ಸಂರಕ್ಷಣಾ ಕಚೇರಿಗಳು, ಹಂಪಿಯ ವಿಶ್ವ ಪರಂಪರೆ ಪ್ರದೇಶದ ಪ್ರಾಧಿಕಾರ ಇವೆಲ್ಲ ಉದ್ಯೋಗದ ತಾಣಗಳು. ಆದರೆ ಕಟ್ಟಡಗಳ ಸಂಖ್ಯೆಯಲ್ಲಿ ನೋಡಿದರೆ ಯಾವ ಪಟ್ಟಿಯಲ್ಲೂ ಸೇರದ ಊರ ದೇವಸ್ಥಾನ, ಮಠ, ಹಳೆಯ ಶಾಲೆ, ವರ್ತಕರ ಮನೆಗಳದ್ದೇ ದೊಡ್ಡ ಪಾಲು, ಮತ್ತು ನಮ್ಮ ಜಿಲ್ಲೆಗಳಲ್ಲಿ ಇವುಗಳಿಗೆ ತಜ್ಞರ ಕೊರತೆಯಿದೆ. ಆರಂಭದ ವರ್ಷಗಳ ಸಂಬಳ ಹೊಸ ಕಟ್ಟಡದ ಕಚೇರಿಗಳಲ್ಲಿ ಸಿಗುವುದಕ್ಕಿಂತ ಹೆಚ್ಚೇನೂ ಇರದು. ಸ್ವಂತ ಕಚೇರಿ ತೆರೆದಾಗ ಕಾಮಗಾರಿ ವೆಚ್ಚದ ಶೇಕಡಾವಾರು ಲೆಕ್ಕದಲ್ಲಿ ಮಾತ್ರ ಶುಲ್ಕ ಕೇಳಬೇಡಿ. ಹಾಗೆ ಮಾಡಿದರೆ ಕಡಿಮೆ ಮುಟ್ಟಿ ಹೆಚ್ಚು ಉಳಿಸಿದಷ್ಟೂ ನಿಮಗೆ ನಷ್ಟ. ಸರ್ವೆ, ಸ್ಥಿತಿ ವರದಿ, ಅಂದಾಜು, ಮೇಲ್ವಿಚಾರಣೆ ಎಂದು ಹಂತಹಂತಕ್ಕೆ ಬೇರೆ ಶುಲ್ಕ ನಿಗದಿಪಡಿಸುವುದು ನ್ಯಾಯ. ಸರ್ಕಾರಿ ಅಂದಾಜಿನಲ್ಲಿ ಗಾರೆ ಕೆಲಸದ ಹಲವು ಬಾಬುಗಳಿಗೆ ಸಿದ್ಧ ದರ ಸಿಗುವುದಿಲ್ಲ, ದರ ವಿಶ್ಲೇಷಣೆಯನ್ನು ನೀವೇ ಮಾಡಬೇಕಾಗುತ್ತದೆ. ಟೆಂಡರಿನಲ್ಲಿ ಕಡಿಮೆ ಮೊತ್ತ ಕೂಗಿದವರಿಗೆ ಕೆಲಸ ಹೋಗುವುದರಿಂದ, ಗುತ್ತಿಗೆದಾರರು ಹಿಂದೆ ಇಂಥ ಕೆಲಸ ಮಾಡಿರಬೇಕೆಂಬ ಅರ್ಹತೆಯನ್ನೂ ಮಾದರಿ ತುಣುಕು ಒಪ್ಪಿಗೆಯಾಗದೆ ಮುಂದುವರಿಯಬಾರದೆಂಬ ಷರತ್ತನ್ನೂ ದಾಖಲೆಯಲ್ಲೇ ಬರೆಸಿ. ಮಾಳಿಗೆ ಬಿಚ್ಚಿದ ಮೇಲೆ ಗೆದ್ದಲು ತಿಂದ ತೊಲೆಗಳು ಎಷ್ಟು ಹೊರಬರುತ್ತವೆಂದು ಮೊದಲೇ ಹೇಳಲಾಗದು. ಅದಕ್ಕೆ ಮೊತ್ತ ಕಾದಿರಿಸಿ.

ದೇವಸ್ಥಾನ ಸಮಿತಿಗಳೊಡನೆ ಮಾತನಾಡುವುದು ಬೇರೆಯೇ ಕೌಶಲ. ‘ಸುಮ್ನೆ ಯಾಕೆ ಎಳೀತೀರಿ ಸ್ವಾಮಿ, ಸಿಮೆಂಟ್ ಹಾಕಿ ಮುಗಿಸಿಬಿಡ್ರಿ, ಜಾತ್ರೆ ಹತ್ರ ಬಂತು’ ಎನ್ನುವ ಹಿರಿಯರ ಕಾಳಜಿ ಪ್ರಾಮಾಣಿಕವಾದದ್ದು. ಅವರೆದುರು ಸನ್ನದುಗಳ ಹೆಸರು ಹೇಳಿ ಪ್ರಯೋಜನವಿಲ್ಲ. ಸೋರುವ ಮೂಲೆಯೊಂದನ್ನು ಸುಣ್ಣದ ಗಾರೆಯಲ್ಲಿ ಸರಿಪಡಿಸಿ, ಒಂದು ಮಳೆ ಕಳೆದ ಮೇಲೆ ಅವರನ್ನೇ ಕರೆದು ತೋರಿಸಿ. ಕಂಬಗಳಿಗೆ ಎಣ್ಣೆಬಣ್ಣ ಬಳಿಯುವ, ಮರಳು ಸಿಡಿಸಿ ಕಲ್ಲನ್ನು ಬೆಳ್ಳಗೆ ಮಾಡುವ ಪ್ರಸ್ತಾಪಗಳನ್ನು ಮಾತ್ರ ಎಷ್ಟೇ ಒತ್ತಾಯ ಬಂದರೂ ಒಪ್ಪಬಾರದು. ಕಲ್ಲಿನ ಮೇಲ್ಮೈಯೊಡನೆ ಉಳಿಯ ಗುರುತು, ಸಣ್ಣ ಅಕ್ಷರ ಎಲ್ಲವೂ ಹೋದರೆ ಮರಳಿ ತರುವ ಯಾವ ವಿಧಾನವೂ ಇಲ್ಲ.

ಕಾಮಗಾರಿ ಮುಗಿದಾಗ ಏನು ತೆಗೆದೆವು, ಏನು ಸೇರಿಸಿದೆವು, ಯಾವ ಮಿಶ್ರಣ ಬಳಸಿದೆವು ಎಂಬುದನ್ನು ಚಿತ್ರಗಳೊಡನೆ ಕನ್ನಡದಲ್ಲಿ ಬರೆದು ಒಪ್ಪಿಸಬೇಕು. ಅದರ ಜೊತೆಗೆ ನಿರ್ವಹಣೆಯ ಸಣ್ಣ ಪುಸ್ತಕವೊಂದಿರಲಿ: ಮುಂಗಾರಿಗೆ ಮೊದಲು ಮಾಳಿಗೆಯ ದೋಣಿ, ತೂಬುಗಳನ್ನು ತೆರವು ಮಾಡುವುದು, ಮಳೆ ನಿಂತ ಮೇಲೆ ಸಂದಿನಲ್ಲಿ ಮೊಳೆತ ಅರಳಿ ಸಸಿಗಳನ್ನು ಎಳೆಯದಾಗಿರುವಾಗಲೇ ಬೇರುಸಹಿತ ತೆಗೆಯುವುದು, ಬಲಿತ ಬೇರಾಗಿದ್ದರೆ ಎಳೆದು ಕಲ್ಲು ಕದಲಿಸದೆ ತಿಳಿದವರನ್ನು ಕರೆಯುವುದು, ವರ್ಷಕ್ಕೊಮ್ಮೆ ಸುಣ್ಣ ಬಳಿಯುವುದು. ಆ ಪುಸ್ತಕದ ಒಂದು ಪ್ರತಿ ಸಮಿತಿಯ ಬಳಿ, ಒಂದು ನಿಮ್ಮ ಕಚೇರಿಯಲ್ಲಿ, ಇನ್ನೊಂದು ಕೆಲಸ ಮಾಡಿದ ಗಾರೆ ಮೇಸ್ತ್ರಿಯ ಮನೆಯಲ್ಲಿ ಇರಬೇಕು. ಮತ್ತೆ ಎಲ್ಲಾದರೂ ಸೋರಿದರೆ ಊರಿನವರು ಮೊದಲು ಹೋಗುವುದು ಅವರ ಬಾಗಿಲಿಗೇ.